ಒಂದು ನೂಲಿಗೂ ಕಡಿಮೆ

ಸುಬ್ರಹ್ಮಣ್ಯಪುರದ ನಮ್ಮ ಬೀದಿಯಿಂದ ಉತ್ತರಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ಒಂದು ಟೈರ್ ಅಂಗಡಿಯಿದೆ. ಅದಕ್ಕೆ ಒತ್ತಿಕೊಂಡೇ ಒಂದು ಲೇತ್ ಅಂಗಡಿ. ಕಳೆದ ವರ್ಷ ಒಂದು ಭಾನುವಾರ ಬೆಳಿಗ್ಗೆ ಅಕ್ಕನ ಮಗ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋಗಿದ್ದ. ಸಾಫ್ಟ್‌ವೇರ್ ಕೆಲಸದ ದುಡ್ಡಿನಲ್ಲಿ ಅವನು ಸೆಕೆಂಡ್ ಹ್ಯಾಂಡ್ ಆಡಿ ಟಿಟಿ ಕೊಂಡು ಆರು ತಿಂಗಳಾಗಿತ್ತು. ಈಗ ಯಾರೋ ಫೋರ್ಡ್ ಮಸ್ಟಾಂಗ್ ಕಾರಿನಿಂದ ಬಿಚ್ಚಿಟ್ಟ ನಾಲ್ಕು ಅಲಾಯ್ ಚಕ್ರಗಳು ಅಗ್ಗಕ್ಕೆ ಸಿಕ್ಕಿದ್ದವು. ಎರಡಕ್ಕೂ ಐದೈದು ಬೋಲ್ಟು. ‘ಐದಕ್ಕೆ ಐದು ಸರಿಹೋಗುತ್ತೆ ಮಾಮ’ ಎಂದಿದ್ದ. ಮಧ್ಯಾಹ್ನ ಕನಕಪುರ ರಸ್ತೆಯಲ್ಲಿ ಒಂದು ಸುತ್ತು ಹೋಗಿಬರುವ ಯೋಜನೆಯೂ ಆಗಿತ್ತು.

ಮೊದಲ ಮೂರು ಬೋಲ್ಟುಗಳು ಕೈಯಲ್ಲೇ ಒಳಗೆ ಹೋದವು. ನಾಲ್ಕನೆಯದು ಅರ್ಧಕ್ಕೆ ನಿಂತಿತು. ಅಂಗಡಿಯ ಹುಡುಗ ಗಾಳಿಯ ಗನ್ ಹಚ್ಚಿದ. ಕೀರಲು ಸದ್ದು ಬಂತು. ಆ ಸದ್ದಿಗೆ ಪಕ್ಕದ ಲೇತ್ ಅಂಗಡಿಯಿಂದ ಒಬ್ಬ ಹಿರಿಯರು ಕೈ ಒರೆಸಿಕೊಳ್ಳುತ್ತ ಹೊರಬಂದರು. ‘ನಿಲ್ಸಪ್ಪ, ಬೋಲ್ಟು ಅಳ್ತಾ ಇದೆ’ ಅಂದರು. ಒಳಗಿನಿಂದ ವರ್ನಿಯರ್ ತಂದು ಕಾರಿನ ಹಬ್ಬಿನಲ್ಲಿ ಪಕ್ಕಪಕ್ಕದ ಎರಡು ತೂತುಗಳ ನಡುವಿನ ದೂರ ಅಳೆದರು: ಸುಮಾರು 65.8 ಮಿಲಿಮೀಟರ್. ಹೊಸ ಚಕ್ರದಲ್ಲಿ ಅಳೆದರು: 67.2. ಐದು ತೂತಿನ ಚಕ್ರದಲ್ಲಿ ಯಾವ ತೂತಿಗೂ ನೇರ ಎದುರಿಗೆ ಇನ್ನೊಂದು ತೂತು ಇರುವುದಿಲ್ಲವಲ್ಲ, ಅದಕ್ಕೇ ಪಕ್ಕದ ತೂತಿನ ದೂರವನ್ನು 1.7ರಿಂದ ಗುಣಿಸಬೇಕು. ಗುಣಿಸಿ ಹೇಳಿದರು: ‘ಇದು 112, ಅದು 114.3. ವ್ಯತ್ಯಾಸ ಒಂದು ನೂಲೂ ಇಲ್ಲ.’

ನೂಲು ಅಂದರೆ ಅಂಗುಲದ ಎಂಟನೇ ಒಂದು ಭಾಗ, ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು. ನಮ್ಮ ಬಡಗಿಗಳೂ ಫಿಟ್ಟರುಗಳೂ ಇವತ್ತಿಗೂ ಬಳಸುವ ಮಾತು. ‘ನೂಲಿಗೂ ಕಡಿಮೆ ಅಂದ್ರೆ ಪರವಾಗಿಲ್ಲ ಅಲ್ವಾ ಅಂಕಲ್?’ ಎಂದ ನಮ್ಮ ಹುಡುಗ. ಅವರು ತಲೆ ಅಲ್ಲಾಡಿಸಿದರು. ‘ಜಾಸ್ತಿ ಇದ್ದಿದ್ರೆ ಪರವಾಗಿರಲಿಲ್ಲ ಕಣಪ್ಪ. ಒಳಗೇ ಹೋಗ್ತಿರಲಿಲ್ಲ, ನೀನು ಮನೆಗೆ ಹೋಗ್ತಿದ್ದೆ. ಹೋಗ್ತಾ ಇದೆಯಲ್ಲ, ಅದೇ ತೊಂದರೆ.’

ಈ 114.3 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು, ಒಂದೇ ಕೆಲಸ ಮಾಡುವ ಎರಡು ಚಕ್ರಗಳಿಗೆ ಎರಡು ಅಳತೆ ಯಾಕೆ ಎಂಬ ಪ್ರಶ್ನೆ ಅಂದಿನಿಂದ ತಲೆಯೊಳಗೆ ಕೂತುಬಿಟ್ಟಿತು. ಹುಡುಕುತ್ತ ಹೋದರೆ ಅದು ಎತ್ತಿನ ಗಾಡಿಯ ತನಕ ಹೋಗುತ್ತದೆ.

ಸುಬ್ರಹ್ಮಣ್ಯಪುರ ಉತ್ತರಹಳ್ಳಿ ಹೋಬಳಿಯ ಒಂದು ಹಳ್ಳಿಯಾಗಿದ್ದಾಗ ಇಲ್ಲಿ ಓಡಾಡುತ್ತಿದ್ದ ಗಾಡಿಗಳ ಚಕ್ರಕ್ಕೆ ಬೋಲ್ಟೇ ಇರಲಿಲ್ಲ. ನಡುವೆ ಮರದ ಗುಂಬ, ಅದರಿಂದ ಹೊರಟ ಅರೆಗಳು, ಸುತ್ತ ಕಬ್ಬಿಣದ ಹಳಿ. ಗುಂಬವನ್ನು ಅಚ್ಚಿಗೆ ತೂರಿಸಿ, ಅಚ್ಚಿನ ತುದಿಯ ತೂತಿನಲ್ಲಿ ಒಂದು ಕಡೆಗೀಲು ಇಟ್ಟರೆ ಮುಗಿಯಿತು. ವಚನಕಾರರಿಗೂ ಅದು ಚೆನ್ನಾಗಿ ಗೊತ್ತಿತ್ತು. ಬಂಡಿಯ ಭಾರವೆಲ್ಲ ಆ ಸಣ್ಣ ಕೀಲಿನ ಮೇಲೆ ನಿಂತಿದೆ ಎಂಬುದನ್ನು ಅವರು ರೂಪಕ ಮಾಡಿಕೊಂಡರು. ಆ ವ್ಯವಸ್ಥೆಯಲ್ಲಿ ಚಕ್ರ ಹೊಂದುವುದಕ್ಕೆ ಅಚ್ಚಿನ ದಪ್ಪ ಎಂಬ ಒಂದೇ ಅಳತೆ ಸಾಕಿತ್ತು. ತುಸು ಸಡಿಲವಾದರೂ ಗಾಡಿ ಕಿರುಗುಡುತ್ತ ಓಡುತ್ತಿತ್ತು, ಏಕೆಂದರೆ ಅಚ್ಚು ನಿಂತಿರುತ್ತದೆ, ಗುಂಬ ಅದರ ಮೇಲೆ ತಿರುಗುತ್ತದೆ.

ಮೋಟಾರು ಬಂದ ಮೇಲೆ ಈ ಲೆಕ್ಕ ಬದಲಾಯಿತು. ಈಗ ಎಂಜಿನ್ ಚಕ್ರವನ್ನು ತಿರುಗಿಸಬೇಕು, ಬ್ರೇಕು ನಿಲ್ಲಿಸಬೇಕು. ಅಂದರೆ ಚಕ್ರ ಹಬ್ಬಿಗೆ ಒಂದೇ ತುಂಡಿನಂತೆ ಅಂಟಿಕೊಂಡಿರಬೇಕು, ಬೇಕೆಂದಾಗ ಕಳಚಬೇಕು. ಮೊದಮೊದಲ ಕಾರುಗಳಲ್ಲಿ ಚಕ್ರ ಕಳಚುತ್ತಲೇ ಇರಲಿಲ್ಲ. ಪಂಕ್ಚರಾದರೆ ದಾರಿಬದಿಯಲ್ಲಿ ಕೂತು ಟೈರನ್ನು ಕಾರಿನ ಮೇಲೇ ಬಿಚ್ಚಿ ತೇಪೆ ಹಾಕಬೇಕಿತ್ತು. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಸೈಕಲ್ ಮಾಡುತ್ತಿದ್ದ ರಡ್ಜ್-ವಿಟ್‌ವರ್ತ್ ಕಂಪನಿಯ ಜಾನ್ ಪ್ಯೂ ಇದಕ್ಕೊಂದು ಉತ್ತರ ಕಂಡುಕೊಂಡ. ತಂತಿ ಅರೆಗಳ ಚಕ್ರ, ಒಳಗೆ ಹಲ್ಲುಹಲ್ಲಾದ ಗುಂಬ, ಅದು ಹಬ್ಬಿನ ಹಲ್ಲುಗಳ ಮೇಲೆ ಕೂರುತ್ತದೆ, ನಡುವೆ ಒಂದೇ ಒಂದು ದೊಡ್ಡ ನಟ್ಟು. ಎಡಕ್ಕೂ ಬಲಕ್ಕೂ ನಟ್ಟಿನ ಸುತ್ತು ವಿರುದ್ಧ ದಿಕ್ಕಿನದು, ಕಾರು ಓಡಿದಷ್ಟೂ ಬಿಗಿಯಾಗುವಂತೆ. ಕಡೆಗೀಲೇ ದಪ್ಪವಾಗಿ, ಸುತ್ತು ಹಾಕಿಸಿಕೊಂಡು ಮರಳಿ ಬಂದ ಹಾಗೆ. 1908ರ ಫ್ರೆಂಚ್ ಗ್ರಾಂಡ್ ಪ್ರಿಯಲ್ಲಿ ಇಂಗ್ಲಿಷರ ನೇಪಿಯರ್ ಕಾರುಗಳು ಈ ಚಕ್ರದೊಂದಿಗೆ ಓಡಲು ಬಯಸಿದವು. ಕಳಚುವ ಚಕ್ರಕ್ಕೆ ಒಪ್ಪಿಗೆ ಸಿಗಲಿಲ್ಲ, ನೇಪಿಯರ್ ಹಿಂದೆ ಸರಿಯಿತು. ಆದರೆ ಮುಂದಿನ ಅರ್ಧ ಶತಮಾನ ಸ್ಪೋರ್ಟ್ಸ್ ಕಾರು ಎಂದರೆ ಎರಡು ಕಿವಿಯ ನಟ್ಟಿಗೆ ಸುತ್ತಿಗೆಯಲ್ಲಿ ಹೊಡೆದು ಕಳಚುವ ತಂತಿ ಚಕ್ರವೇ. ದಾರಿಹೋಕರಿಗೆ ಬಡಿಯಬಹುದಾದ ಆ ಕಿವಿಗಳನ್ನು ಅಮೆರಿಕ 1968ರಿಂದ ನಿಷೇಧಿಸಿತು.

ಸಾಧಾರಣ ಕಾರಿಗೆ ಈ ಹಲ್ಲಿನ ಹಬ್ಬು ದುಬಾರಿ. ಒತ್ತು ಯಂತ್ರದಲ್ಲಿ ಉಕ್ಕಿನ ತಗಡನ್ನು ತಟ್ಟೆಯಂತೆ ಬಡಿದು, ನಾಲ್ಕೋ ಐದೋ ತೂತು ಕೊರೆದರೆ ಚಕ್ರ ಅಗ್ಗಕ್ಕೆ ಆಗುತ್ತದೆ. ಆ ತೂತುಗಳ ನಡುಬಿಂದುಗಳನ್ನು ಸೇರಿಸಿ ಎಳೆದ ವೃತ್ತದ ಅಡ್ಡಳತೆಯೇ ಪಿಚ್ ಸರ್ಕಲ್ ಡಯಾಮೀಟರ್, ಅಂಗಡಿಗಳ ಮಾತಿನಲ್ಲಿ ಪಿಸಿಡಿ. ಪ್ರತಿ ಕಂಪನಿ ತನ್ನ ಬೇರಿಂಗಿಗೆ, ತನ್ನ ಬ್ರೇಕ್ ಡ್ರಮ್ಮಿಗೆ, ತನ್ನ ಕಾರಿನ ತೂಕಕ್ಕೆ ತಕ್ಕ ಹಾಗೆ ಒಂದು ವೃತ್ತ ಎಳೆದುಕೊಂಡಿತು. ಆಗ ಒಬ್ಬರ ಚಕ್ರ ಇನ್ನೊಬ್ಬರ ಕಾರಿಗೆ ಬೇಕಾದೀತು ಎಂದು ಯಾರು ಯೋಚಿಸಿದ್ದರು?

ಎಳೆದವರ ಕೈಯಲ್ಲಿದ್ದ ಅಳತೆಕೋಲು ಈ ಸಂಖ್ಯೆಗಳಲ್ಲಿ ಅಚ್ಚೊತ್ತಿ ಉಳಿದಿದೆ. ಅಮೆರಿಕದ ಫೋರ್ಡ್ ಕಾರುಗಳದ್ದು ನಾಲ್ಕೂವರೆ ಅಂಗುಲ, ಅದೇ 114.3 ಮಿಲಿಮೀಟರ್. ಷೆವರ್ಲೆಯದು ನಾಲ್ಕೂಮುಕ್ಕಾಲು, ಅಂದರೆ 120.65. ವಿಲ್ಲೀಸ್ ಜೀಪಿನದು ಐದೂವರೆ, ಅಂದರೆ 139.7. ಹಳೆಯ ಮಿನಿಯದು ಸರಿಯಾಗಿ ನಾಲ್ಕು ಅಂಗುಲ. ಅಂಗುಲವನ್ನೇ ಕಾಣದ ಜರ್ಮನರು 100, 112, 120, 130 ಎಂದು ಗುಂಡು ಸಂಖ್ಯೆಗಳನ್ನು ಇಟ್ಟುಕೊಂಡರು. ಇಟಲಿಯ ಫಿಯೆಟ್ 98 ಎಂದಿತು. ಮಜಾ ಇರುವುದು ಜಪಾನಿನಲ್ಲಿ. ಮಿಲಿಮೀಟರಿನ ದೇಶವಾದರೂ ಅಮೆರಿಕದ ನಾಲ್ಕೂವರೆ ಅಂಗುಲವನ್ನು ಅದು ಹಾಗೇ ತೆಗೆದುಕೊಂಡು 114.3 ಎಂದು ಬರೆದುಕೊಂಡಿತು. ನಮ್ಮ ಬಿಡದಿಯ ಕಾರ್ಖಾನೆಯಿಂದ ಹೊರಬರುವ ಟೊಯೊಟಾ ಇನ್ನೋವಾದ ಐದು ತೂತುಗಳು ಕೂತಿರುವುದೂ ಆ ನಾಲ್ಕೂವರೆ ಅಂಗುಲದ ವೃತ್ತದ ಮೇಲೆಯೇ. ಮಾರುತಿ ಜಿಪ್ಸಿಯದು ವಿಲ್ಲೀಸ್ ಜೀಪಿನ ಐದೂವರೆ.

ಕರ್ನಾಟಕದಲ್ಲಿ ಅಂಗುಲಕ್ಕೂ ಮಿಲಿಮೀಟರಿಗೂ ನಡೆದ ಈ ಜಗ್ಗಾಟಕ್ಕೆ ಒಂದು ಪೀಳಿಗೆಯ ಕೈಗಳೇ ಸಾಕ್ಷಿ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನ ಲೇತುಗಳು ಊರೂರಿಗೆ ಹೋದವು. 1953ರಲ್ಲಿ ಜಾಲಹಳ್ಳಿಯಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದಲ್ಲಿ ಎಚ್‌ಎಂಟಿ ಹುಟ್ಟಿತು. 1956ರಲ್ಲಿ ದೇಶ ಮೆಟ್ರಿಕ್ ಪದ್ಧತಿಗೆ ಕಾಯ್ದೆ ಮಾಡಿತು; 1957ರ ಏಪ್ರಿಲ್‌ನಲ್ಲಿ ನಯಾಪೈಸೆ, 1958ರಲ್ಲಿ ಕಿಲೋಗ್ರಾಂ. ಕಾಗದದ ಮೇಲೆ ಅಂಗುಲ ಹೋಯಿತು, ಬಾಯಲ್ಲಿ ನೂಲು ಉಳಿಯಿತು. ನಮ್ಮ ಲೇತಿನ ಹಿರಿಯರು ಎರಡೂ ಭಾಷೆ ಬಲ್ಲವರು. ವರ್ನಿಯರ್ ಓದುವುದು ಮಿಲಿಮೀಟರಿನಲ್ಲಿ, ಬೈಯುವುದು ನೂಲಿನಲ್ಲಿ.

ಆ ಕಾಲದ ನಮ್ಮ ರಸ್ತೆಯಲ್ಲೇ ಈ ‘ನೂಲಿಗೂ ಕಡಿಮೆ’ಯ ಬಲೆ ಇತ್ತು. 1961ರಿಂದ ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಇಂಗ್ಲಿಷ್ ಟ್ರಯಂಫ್ ಕಾರು. ಅದರ ನಾಲ್ಕು ಬೋಲ್ಟಿನ ವೃತ್ತ ಮೂರೂಮುಕ್ಕಾಲು ಅಂಗುಲ, 95.25 ಮಿಲಿಮೀಟರ್. ಫಿಯೆಟ್‌ನ 98ಕ್ಕೂ ಅದಕ್ಕೂ ಇರುವ ಅಂತರ 2.75. ಎರಡಕ್ಕೂ ನಾಲ್ಕೇ ತೂತು, ಕಣ್ಣಿಗೆ ಒಂದೇ. ಇಂಗ್ಲೆಂಡಿನಲ್ಲಿ ಅದೇ ಹೆರಾಲ್ಡ್ ಚಾಸಿಯಿಂದ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಬಂತು. ತಂತಿ ಚಕ್ರ ಬೇಕೆಂದವರಿಗೆ ಕಂಪನಿಯೇ ಒಂದು ಉಪಾಯ ಮಾಡಿತ್ತು: ನಾಲ್ಕು ಸ್ಟಡ್ಡುಗಳ ಮೇಲೆ ಹಲ್ಲಿರುವ ಅಡಾಪ್ಟರ್ ಬಿಗಿದು, ಅದರ ಮೇಲೆ ರಡ್ಜ್ ಮಾದರಿಯ ಚಕ್ರ. ಅಡಾಪ್ಟರ್ ಎಂದ ಕೂಡಲೇ ಮೂಗು ಮುರಿಯುವವರು ಇದನ್ನು ನೆನಪಿಡಬೇಕು. ಲೆಕ್ಕ ಹಾಕಿ ಮಾಡಿದ್ದು ಬೇರೆ, ಸಿಕ್ಕಿತೆಂದು ತುರುಕಿದ್ದು ಬೇರೆ.

ಬೇರೆ ಚಕ್ರ ಹಾಕುವ ಆಸೆಯ ಹಿಂದೆ ಬರೀ ಶೋಕಿ ಇಲ್ಲ. 1924ರ ಬುಗಾಟಿ ಟೈಪ್ 35 ರೇಸ್ ಕಾರಿನಲ್ಲಿ ಎಂಟು ಚಪ್ಪಟೆ ಅರೆಗಳ ಅಲ್ಯೂಮಿನಿಯಂ ಚಕ್ರ ಬಂತು, ಬ್ರೇಕ್ ಡ್ರಮ್ಮೂ ಅದರಲ್ಲೇ ಎರಕವಾಗಿತ್ತು. ಸ್ಪ್ರಿಂಗಿನ ಕೆಳಗಿನ ತೂಕ ಕಡಿಮೆಯಾದರೆ ಟೈರು ನೆಲ ಬಿಡುವುದಿಲ್ಲ, ಕಾರು ತಿರುವಿನಲ್ಲಿ ಹೇಳಿದ ಮಾತು ಕೇಳುತ್ತದೆ. ಎರಡನೇ ಮಹಾಯುದ್ಧದ ನಂತರ ಟೆಡ್ ಹಾಲಿಬ್ರಾಂಡ್ ಇಂಡಿಯಾನಾಪೊಲಿಸ್ ರೇಸಿಗೆ ಮೆಗ್ನೀಸಿಯಂ ಚಕ್ರ ಎರಕ ಹೊಯ್ದ. 1960ರ ದಶಕದಲ್ಲಿ ಅಮೆರಿಕದಲ್ಲಿ ಟಾರ್ಕ್ ಥ್ರಸ್ಟ್, ಇಂಗ್ಲೆಂಡಿನಲ್ಲಿ ಮಿನಿಲೈಟ್ ಚಕ್ರಗಳು ರೇಸಿನಿಂದ ರಸ್ತೆಗೆ ಇಳಿದವು. ಕಾರಿನವರಲ್ಲದೆ ಬೇರೆಯವರು ಚಕ್ರ ಮಾರತೊಡಗಿದಾಗಲೇ, ಕಂಪನಿಗಳು ತಮ್ಮಷ್ಟಕ್ಕೆ ಎಳೆದುಕೊಂಡಿದ್ದ ವೃತ್ತಗಳು ಎಲ್ಲರ ತಲೆನೋವಾದವು. ಅದಕ್ಕೆ ಕೆಲವರು ‘ಯೂನಿಲಗ್’ ಎಂದು ತೂತಿನ ಬದಲು ಉದ್ದನೆಯ ಸೀಳು ಬಿಟ್ಟು ಹಲವು ಅಳತೆಗೆ ಒಂದೇ ಚಕ್ರ ಮಾರಿದರು. ತಕ್ಕ ವಾಷರ್ ಇಲ್ಲದೆ ಬಿಗಿದರೆ ಚಕ್ರ ಜಾರುತ್ತಿತ್ತು.

ಆ ಗಾಳಿ ನಮ್ಮ ಕಡೆಗೂ ತಡವಾಗಿ ಬೀಸಿತು. ಮದ್ರಾಸಿನ ಹೊರಗೆ ಶೋಲಾವರಂನಲ್ಲಿ ಯುದ್ಧಕಾಲದ ಹಳೆಯ ವಿಮಾನ ಪಟ್ಟಿಯ ಮೇಲೆ ರೇಸ್ ನಡೆಯುತ್ತಿದ್ದಾಗ ಬೆಂಗಳೂರಿನವರೂ ಅಲ್ಲಿಗೆ ಹೋಗುತ್ತಿದ್ದರು. ಬೆಂಗಳೂರು ಮೂಲದ ಸ್ಯಾನ್ ಬಳಗ 1990ರ ದಶಕದ ಕೊನೆಗೆ ಸ್ಯಾನ್ ಸ್ಟಾರ್ಮ್ ಎಂಬ ಎರಡೇ ಸೀಟಿನ ತೆರೆದ ಕಾರು ತಂದಿತು: ಫೈಬರ್ ಮೈ, ರೆನೋ ಎಂಜಿನ್, ತಯಾರಿ ಗೋವಾದಲ್ಲಿ. ನಮ್ಮ ಊರಿನ ಹೆಸರು ಅಂಟಿಕೊಂಡ ಸ್ಪೋರ್ಟ್ಸ್ ಕಾರು ಎಂದರೆ ನನಗೆ ನೆನಪಾಗುವುದು ಅದೊಂದೇ. ರಸ್ತೆಯಲ್ಲಿ ಕಂಡವರು ಅದೃಷ್ಟವಂತರು. ಆದರೆ ಸಾಮಾನ್ಯ ಹುಡುಗರಿಗೆ ಚಕ್ರದ ಗೀಳು ಹಿಡಿಸಿದ್ದು 2001ರಲ್ಲಿ ಬಂದ ಫಿಯೆಟ್ ಪಾಲಿಯೋ, ಅದರಲ್ಲೂ 1.6 ಲೀಟರ್ ಎಂಜಿನ್ನಿನದು. ಜೆ.ಸಿ. ರಸ್ತೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಅಲೆದರೂ ಅಂಗಡಿಗಳ ಗೋಡೆ ತುಂಬ ನೇತಾಡುತ್ತಿದ್ದುದು 100ರ ಚಕ್ರ, ಪಾಲಿಯೋಗೆ ಬೇಕಾದದ್ದು 98. ವೃತ್ತದ ಅಂತರ ಎರಡು ಮಿಲಿಮೀಟರ್, ಪ್ರತಿ ಬೋಲ್ಟಿಗೆ ಒಂದೇ ಒಂದು. ‘ಬಿಗಿದ್ರೆ ಕೂತ್ಕೊಳ್ಳುತ್ತೆ ಬಿಡಿ ಸಾರ್’ ಎಂಬ ಮಾತು ಆ ಒಂದು ಮಿಲಿಮೀಟರಿನಲ್ಲೇ ಹುಟ್ಟುತ್ತದೆ.

ಬಿಗಿದರೆ ಆಗುವುದೇನು? ಲೇತಿನ ಹಿರಿಯರು ಸ್ಟೂಲಿನ ಮೇಲೆ ಕೂತು ಹುಡುಗನಿಗೆ ಅರ್ಥಮಾಡಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಚಕ್ರ ಬೋಲ್ಟುಗಳ ಮೇಲೆ ನೇತಾಡುತ್ತಿದೆ ಎಂದು ನಾವೆಲ್ಲ ತಿಳಿದಿದ್ದೇವೆ. ಅಲ್ಲ. ಬೋಲ್ಟು ಬಿಗಿದಾಗ ಅದು ಕೂದಲೆಳೆಯಷ್ಟು ಹಿಗ್ಗಿ, ರಬ್ಬರಿನ ಹಾಗೆ ಹಿಂದಕ್ಕೆ ಎಳೆಯುತ್ತದೆ. 14 ಮಿಲಿಮೀಟರಿನ ಬೋಲ್ಟನ್ನು 120 ನ್ಯೂಟನ್ ಮೀಟರಿಗೆ ಬಿಗಿದರೆ ಆ ಎಳೆತ ಸುಮಾರು ನಾಲ್ಕು ಟನ್. ಐದು ಬೋಲ್ಟಿಗೆ ಇಪ್ಪತ್ತು. ಆ ಒತ್ತಡದಲ್ಲಿ ಚಕ್ರದ ಮುಖವೂ ಹಬ್ಬಿನ ಮುಖವೂ ಕಚ್ಚಿಕೊಳ್ಳುತ್ತವೆ, ಭಾರ ಹೊರುವುದು ಆ ಘರ್ಷಣೆ. ವೃತ್ತ ಹೊಂದದಿದ್ದರೆ ಬೋಲ್ಟಿನ ತಲೆ ತನ್ನ ಕುಳಿಯಲ್ಲಿ ಪೂರ್ತಿ ಕೂರುವುದಿಲ್ಲ. ಒಂದು ಅಂಚಿಗೆ ತಾಗಿ ನಿಲ್ಲುತ್ತದೆ, ಬೋಲ್ಟು ತುಸು ಬಾಗುತ್ತದೆ. ಕೈಗೆ ಬಿಗಿಯೆನಿಸುತ್ತದೆ, ಟಾರ್ಕ್ ರೆಂಚೂ ಟಿಕ್ ಎನ್ನುತ್ತದೆ. ನಾಲ್ಕು ಟನ್ ಮಾತ್ರ ಇರುವುದಿಲ್ಲ.

ಬಾಗಿದ ಲೋಹ ಚಕ್ರ ಸುತ್ತಿದಾಗಲೆಲ್ಲ ಒಮ್ಮೆ ಎಳೆತಕ್ಕೆ, ಒಮ್ಮೆ ಸಡಿಲಕ್ಕೆ ಸಿಗುತ್ತದೆ. ಇದರ ಪಾಠ ಕಾರಿಗಿಂತ ಹಳೆಯದು. 1842ರ ಮೇ 8ರಂದು ಪ್ಯಾರಿಸ್ ಬಳಿ ವರ್ಸೈನಿಂದ ಬರುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು, ಬೋಗಿಗಳು ಒಂದರ ಮೇಲೊಂದು ಹತ್ತಿ ಬೆಂಕಿ ಹೊತ್ತಿ, ಜಗತ್ತು ಸುತ್ತಿಬಂದ ನಾವಿಕ ದ್ಯುಮೊಂ ದ್ಯುರ್ವಿಲ್ ಸೇರಿದಂತೆ ಹಲವರು ಸತ್ತರು. ಗಟ್ಟಿಮುಟ್ಟಾಗಿ ಕಾಣುವ ಅಚ್ಚು ಯಾಕೆ ಮುರಿಯುತ್ತದೆ? ಪ್ರಷ್ಯಾದ ಆಗಸ್ಟ್ ವೋಲರ್ ಮುಂದಿನ ದಶಕಗಳಲ್ಲಿ ಅಚ್ಚುಗಳನ್ನು ಯಂತ್ರಕ್ಕೆ ಹಾಕಿ ಲಕ್ಷಗಟ್ಟಲೆ ಸಲ ಬಾಗಿಸಿ ತೋರಿಸಿದ: ಒಮ್ಮೆ ಹೇರಿದರೆ ಏನೂ ಆಗದ ಭಾರ ಮತ್ತೆ ಮತ್ತೆ ಹೇರಿದಾಗ ಲೋಹವನ್ನು ದಣಿಸಿ ಮುರಿಯುತ್ತದೆ. ನಮ್ಮ ಹುಡುಗನ ಟೈರು ಒಂದು ಕಿಲೋಮೀಟರಿಗೆ ಹತ್ತಿರಹತ್ತಿರ 480 ಸುತ್ತು ತಿರುಗುತ್ತದೆ. 50 ಕಿಲೋಮೀಟರ್ ಓಡಿದರೆ 24,000 ಸುತ್ತು. ಮೊದಲ ದಿನ ಏನೂ ಆಗುವುದಿಲ್ಲ. ಅದೇ ಇದರ ಮೋಸ.

ಪಿಸಿಡಿ ಒಂದೇ ಆಗಿದ್ದರೂ ಆ ಮಸ್ಟಾಂಗ್ ಚಕ್ರಗಳಿಗೆ ಇನ್ನೆರಡು ಜಗಳಗಳಿದ್ದವು. ಚಕ್ರದ ನಡುವಿನ ದೊಡ್ಡ ತೂತು ಮಸ್ಟಾಂಗಿನಲ್ಲಿ 70.5 ಮಿಲಿಮೀಟರ್, ಟಿಟಿಯ ಹಬ್ಬಿನ ಉಬ್ಬು 57.1. ಆ ಉಬ್ಬು ಚಕ್ರವನ್ನು ನಟ್ಟನಡುವೆ ಕೂರಿಸಬೇಕು. ಸುತ್ತ ಆರೂವರೆ ಮಿಲಿಮೀಟರಿಗಿಂತ ಹೆಚ್ಚು ಖಾಲಿ ಇದ್ದರೆ ಯಾರು ಕೂರಿಸುತ್ತಾರೆ? ಬೋಲ್ಟಿನ ಕುಳಿಯೂ ಬೇರೆ: ಆಡಿಯದು ಗುಂಡಗೆ, ಮಸ್ಟಾಂಗಿನದು ಶಂಕುವಿನಾಕಾರ. ಗುಂಡು ತಲೆಯ ಬೋಲ್ಟನ್ನು ಶಂಕುವಿಗೆ ಬಿಗಿದರೆ ತಾಗುವುದು ಒಂದು ಗೆರೆಯಷ್ಟೇ.

ದಾರಿಗಳಿಲ್ಲವೆಂದಲ್ಲ. ಹಬ್ಬಿಗೆ ಹಳೆಯ ವೃತ್ತದಲ್ಲಿ ಬಿಗಿದು, ಹೊಸ ವೃತ್ತದಲ್ಲಿ ಸ್ಟಡ್ಡು ಕೊಡುವ ಅಡಾಪ್ಟರ್ ಇದೆ. ಆದರೆ ಅದರ ದಪ್ಪದಷ್ಟು ಚಕ್ರ ಹೊರಗೆ ಬರುತ್ತದೆ, ಬೇರಿಂಗಿನ ಮೇಲೆ ಸನ್ನೆಕೋಲಿನ ಭಾರ ಹೆಚ್ಚುತ್ತದೆ, ಟೈರು ಮಡ್‌ಗಾರ್ಡಿಗೆ ತಾಗಬಹುದು. ತಲೆಯ ಬಳೆ ಅಲ್ಲಾಡುವ ಬೋಲ್ಟುಗಳಿವೆ, ಒಂದೆರಡು ಮಿಲಿಮೀಟರಿನ ಅಂತರಕ್ಕೆಂದೇ ಮಾಡಿದ್ದು. ಪಾಲಿಯೋದವರಲ್ಲಿ ಕೆಲವರು ಅದನ್ನೇ ನೆಚ್ಚಿಕೊಂಡರು. ತೂತೇ ಇಲ್ಲದ ಚಕ್ರ ತಂದು ಬೇಕಾದ ವೃತ್ತಕ್ಕೆ ಕೊರೆಸಬಹುದು. ನನಗೆ ಕೇಳಿದರೆ ಮೂರನೆಯದೇ ಮರ್ಯಾದೆಯ ದಾರಿ. ಇರುವ ತೂತುಗಳ ಪಕ್ಕದಲ್ಲೇ ಇನ್ನೊಂದು ಸಾಲು ಕೊರೆಯುವುದು, ತೂತನ್ನು ಫೈಲಿನಿಂದ ಉಜ್ಜಿ ಅಗಲ ಮಾಡುವುದು ಇವೆಲ್ಲ ದಾರಿಯೇ ಅಲ್ಲ.

ಕಾನೂನು ಇಲ್ಲಿ ಅರ್ಧ ಮಾತಾಡುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಬಾರದು. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿ 9ರಂದು ಇದನ್ನು ಎತ್ತಿಹಿಡಿಯಿತು. ಆದರೆ ನೋಂದಣಿ ಪತ್ರದಲ್ಲಿ ಪಿಸಿಡಿ ಬರೆಯಲು ಜಾಗವೇ ಇಲ್ಲ. ಆ ವೃತ್ತ ಚಕ್ರದ ಹಿಂಬದಿಯಲ್ಲಿ, ಕೆಸರಿನ ಕೆಳಗೆ, ಬಿಚ್ಚಿದಾಗ ಮಾತ್ರ ಕಾಣುತ್ತದೆ. ನೋಡುವವನು ಬಿಗಿಯುವ ಹುಡುಗ ಒಬ್ಬನೇ, ಅವನಿಗೆ ಸಂಬಳ ಸಿಗುವುದು ಬಿಗಿದರೆ.

ಆ ಭಾನುವಾರ ಕನಕಪುರಕ್ಕೆ ಹೋಗಲಿಲ್ಲ. ಹಳೆಯ ಚಕ್ರಗಳನ್ನೇ ಮತ್ತೆ ಹಾಕಿಸಿಕೊಂಡು ಬಂದೆವು. ದಾರಿಯುದ್ದಕ್ಕೂ ಹುಡುಗ ಮಾತಾಡಲಿಲ್ಲ. ‘ದುಡ್ಡು ಕೊಡ್ತೀನಿ, ಅಡಾಪ್ಟರ್ ಮಾಡ್ಕೊಡಿ ಅಂಕಲ್’ ಎಂದು ಕೇಳಿ ನೋಡಿದ್ದ. ‘ಮಾಡೋಕ್ಕೆ ಬರುತ್ತೆ, ಮಾಡಲ್ಲ. ನನ್ನ ಹತ್ರ ಇರೋ ಅಲ್ಯೂಮಿನಿಯಂ ಯಾವ ಜಾತೀದು ಅಂತ ನನಗೇ ಗೊತ್ತಿಲ್ಲ’ ಎಂದಿದ್ದರು ಅವರು.

ಎರಡು ತಿಂಗಳ ಮೇಲೆ ಅವನು 112ರ ವೃತ್ತದ್ದೇ ಬೇರೆ ಚಕ್ರಗಳನ್ನು, ಅದಕ್ಕೆ ತಕ್ಕ ಬೋಲ್ಟುಗಳ ಸಮೇತ ಹುಡುಕಿ ತಂದ. ನಡುವಿನ ತೂತು ಮಾತ್ರ ದೊಡ್ಡದಿತ್ತು, 73.1. ಅದಕ್ಕೆ ಹಿರಿಯರು ನಾಲ್ಕು ಬಳೆ ತಿರುಗಿಸಿಕೊಟ್ಟರು, ಒಳಗೆ 57.1, ಹೊರಗೆ 73.1. ಬಳೆಗೆ ಯಾವ ಅಲ್ಯೂಮಿನಿಯಂ ಆದರೂ ನಡೆಯುತ್ತದಂತೆ, ಅದು ಚಕ್ರವನ್ನು ನಡುವಿಗೆ ತರುತ್ತದೆಯೇ ಹೊರತು ಭಾರ ಹೊರುವುದಿಲ್ಲ. ‘ನೂರು ಕಿಲೋಮೀಟರ್ ಓಡಿಸ್ಕೊಂಡು ವಾಪಸ್ ಬಾ’ ಎಂದರು.

ಕನಕಪುರಕ್ಕೆ ಹೋಗಿಬಂದು ಮಾರನೆಯ ದಿನ ಮತ್ತೆ ನಿಂತೆವು. ಅಂಗಡಿಯ ಹುಡುಗನೇ ಈಗ ಗನ್ ಬದಿಗಿಟ್ಟು ಟಾರ್ಕ್ ರೆಂಚ್ ಹಿಡಿದಿದ್ದ. ಇಪ್ಪತ್ತು ಬೋಲ್ಟುಗಳಲ್ಲಿ ಹತ್ತೊಂಬತ್ತು ಮುಟ್ಟಿದ ಕೂಡಲೇ ಟಿಕ್ ಎಂದವು. ಹಿಂದಿನ ಎಡ ಚಕ್ರದ್ದೊಂದು ಕಾಲು ಸುತ್ತಿಗಿಂತ ಸ್ವಲ್ಪ ಕಡಿಮೆ ತಿರುಗಿ ಆಮೇಲೆ ಟಿಕ್ ಎಂದಿತು. ಹಿರಿಯರು ಒಳಗಿನಿಂದಲೇ ಕೇಳಿದರು, ‘ಎಷ್ಟು ತಿರುಗ್ತೋ?’